ಬೆಳಕಿಂಡಿಗೆ ಹಿಡಿದ ತತ್ತಿ

ವಿಜಯಪುರದ ಹಳೆಯ ಕೋಟೆಯ ಬಾಗಿಲುಗಳಲ್ಲಿ ಒಂದಕ್ಕೆ ಮನಗೂಳಿ ಅಗಸಿ ಎಂದು ಹೆಸರು. ಆ ಹೆಸರಿನ ಊರು ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಬಸವನ ಬಾಗೇವಾಡಿ ತಾಲ್ಲೂಕಿನ ಎರೆಹೊಲಗಳ ನಡುವೆ ಇದೆ. ಮೇ ತಿಂಗಳು ಈಗಷ್ಟೇ ಹೊಕ್ಕಿದೆ. ಬಿಳಿಜೋಳದ ಸುಗ್ಗಿ ಮುಗಿದು ಎಷ್ಟೋ ದಿನವಾಯಿತು. ಹೊಲಗಳು ಬರಿದಾಗಿ, ಕರಿಮಣ್ಣು ಅಂಗೈ ತೂರುವಷ್ಟು ಅಗಲಕ್ಕೆ ಬಿರಿದಿದೆ. ಊರಂಚಿನಲ್ಲಿ ಕಣಕಿಯ ಬಣವೆಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತವೆ. ಅವುಗಳ ನೆರಳಿನಲ್ಲಿ ನಾಯಿಗಳು ನಾಲಿಗೆ ಚಾಚಿ ಮಲಗಿವೆ. ಹೆದ್ದಾರಿಯಲ್ಲಿ ಲಾರಿಗಳು ಹೋಗುವ ಸದ್ದು ಬಿಟ್ಟರೆ, ಮಧ್ಯಾಹ್ನದ ಈ ಹೊತ್ತಿನಲ್ಲಿ ಊರು ಕದ ಮುಚ್ಚಿ ಒಳಗೆ ಸೇರಿಬಿಟ್ಟಿದೆ.

ಇದು ಬಸವಣ್ಣನ ಸೀಮೆ. ಇಲ್ಲಿನ ಎಲ್ಲ ಓಣಿಗಳಲ್ಲೂ ಕೋಳಿಯ ಸದ್ದು ಕೇಳುವುದಿಲ್ಲ. ಕೆಲವು ಓಣಿಗಳಲ್ಲಿ ದನ, ಆಕಳು, ಎಮ್ಮೆ ಮಾತ್ರ. ಒಂದು ತಿರುವು ದಾಟಿದರೆ ಸಾಕು, ಗೋಡೆಯ ಬುಡದ ತೆಳು ನೆರಳಿನಲ್ಲಿ ರೆಕ್ಕೆ ಸಡಿಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿರುವ ಜವಾರಿ ಕೋಳಿಗಳು ಕಾಣುತ್ತವೆ. ಕೋಳಿಗೆ ಬೆವರಿಲ್ಲ. ಮೈಯ ಬಿಸಿ ಇಳಿಯಬೇಕಾದರೆ ಹೀಗೆ ಗಂಟಲಿನಿಂದಲೇ ಉಸಿರಾಡಿ ಇಳಿಯಬೇಕು. ಕೆಂಪು ಹುಂಜವೊಂದು ತೊಟ್ಟಿಯ ಪಕ್ಕದ ಹಸಿ ಮಣ್ಣನ್ನು ಕೆದರಿ, ಹೊಟ್ಟೆ ನೆಲಕ್ಕೆ ತಾಗಿಸಿ ಕೂತಿದೆ. ನಮ್ಮನ್ನು ಕಂಡು ಒಂದೇ ಕಣ್ಣಿನಿಂದ ಅಳೆದು ನೋಡಿತಾದರೂ ಎದ್ದು ಹೋಗುವಷ್ಟು ಉಮೇದು ಅದಕ್ಕೂ ಇಲ್ಲ.

ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಬನ್ನಿ. ಹೊರಗಿನ ಕಣ್ಣುಕುಕ್ಕುವ ಬೆಳಕಿನಿಂದ ಒಳಗೆ ಬಂದವರಿಗೆ ಮೊದಲು ಏನೂ ಕಾಣುವುದಿಲ್ಲ. ಮೂಗಿಗೆ ಮಾತ್ರ ಎಲ್ಲ ತಿಳಿಯುತ್ತದೆ. ಸೆಗಣಿ ಸಾರಿಸಿದ ನೆಲದ ವಾಸನೆ, ಜೋಳದ ಚೀಲದ ಧೂಳು, ಒಲೆಯ ತಣ್ಣನೆಯ ಬೂದಿ, ಅವುಗಳ ನಡುವೆ ಎಲ್ಲಿಂದಲೋ ಬರುವ ಬೆಚ್ಚಗಿನ ಗರಿಯ ಘಾಟು. ಗೋಡೆಗಳು ಎರಡು ಮೊಳ ದಪ್ಪ. ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯ ನಡುವೆ ಒಂದೇ ಒಂದು ಬೆಳಕಿಂಡಿ. ಮೇ ಮೊದಲ ವಾರದಲ್ಲಿ ಈ ಸೀಮೆಯ ಮೇಲೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆಗ ಬೆಳಕಿಂಡಿಯ ಬಿಸಿಲು ಓರೆಯಾಗದೆ, ನೆಟ್ಟಗೆ, ಕಂಬ ನಿಲ್ಲಿಸಿದಷ್ಟು ಸ್ಪಷ್ಟವಾಗಿ ನೆಲಕ್ಕೆ ಇಳಿಯುತ್ತದೆ. ಅದರೊಳಗೆ ಧೂಳಿನ ಕಣಗಳು ಏರಿಳಿಯುತ್ತಿವೆ. ಮನೆಯಾಕೆ ಕಾಯುತ್ತಿದ್ದುದು ಈ ಬೆಳಕಿಗಾಗಿಯೇ. ಇವತ್ತು ಕೋಳಿ ಕಾವಿಗೆ ಕೂತ ಏಳನೇ ದಿನ.

ಕೋಳಿ ಎಲ್ಲಿದೆ ಎಂದು ಹುಡುಕಬೇಡಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಮೂಲೆಯಲ್ಲಿ, ಕಾಳು ತುಂಬುವ ಹಳೆಯ ಹಗೆಯ ಬಾಯಿ ಮುಚ್ಚಿದ ಕಲ್ಲಿನ ಪಕ್ಕ, ಒಂದು ಬಿದಿರ ಬುಟ್ಟಿ ಇದೆ. ತಳಕ್ಕೆ ಬೂದಿ, ಅದರ ಮೇಲೆ ಒಂದಿಷ್ಟು ಉಸುಕು, ಅದರ ಮೇಲೆ ಜೋಳದ ರವದಿಯನ್ನು ಕೈಯಿಂದ ಹಿಚುಕಿ ಮೆತ್ತಗೆ ಮಾಡಿ ಹಾಸಿದ್ದಾಳೆ. ಬೂದಿ ಹಾಕಿದರೆ ಹೇನು ಹತ್ತುವುದಿಲ್ಲ. ಕಾವಿಗೆ ಕೂತ ಕೋಳಿಗೆ ಹೇನಿನಷ್ಟು ಕಾಟ ಕೊಡುವ ವೈರಿ ಬೇರೊಂದಿಲ್ಲ, ಕಡಿತ ತಾಳಲಾರದೆ ಅದು ತತ್ತಿ ಬಿಟ್ಟು ಎದ್ದುಬಿಡುತ್ತದೆ. ರವದಿಯ ಸಂದಿಯಲ್ಲಿ ಒಂದು ಇದ್ದಲು, ಒಂದು ತುಕ್ಕು ಹಿಡಿದ ಕಬ್ಬಿಣದ ಮೊಳೆ ಇಟ್ಟಿದ್ದಾಳೆ. ಅಡ್ಡಮಳೆಯ ಗುಡುಗಿಗೆ ತತ್ತಿ ಕೆಡುತ್ತದೆ, ಕಬ್ಬಿಣ ಇದ್ದರೆ ಗುಡುಗು ತಟ್ಟುವುದಿಲ್ಲ ಎಂಬುದು ಈ ಕಡೆಯ ನಂಬಿಕೆ. ತತ್ತಿ ಇಡುವುದು ಬೆಸಸಂಖ್ಯೆಯಲ್ಲೇ, ಒಂಬತ್ತೋ ಹನ್ನೊಂದೋ ಹದಿಮೂರೋ. ಈ ಬುಟ್ಟಿಯಲ್ಲಿ ಹನ್ನೊಂದಿವೆ. ಅವುಗಳ ಮೇಲೆ, ಮೈಯನ್ನು ಅಗಲಕ್ಕೆ ಹರಡಿ, ಕುತ್ತಿಗೆಯನ್ನು ಭುಜದೊಳಗೆ ಇಳಿಸಿ, ಬೂದು ಚುಕ್ಕೆಯ ಹೇಂಟೆ ಕೂತಿದೆ. ಅಲುಗಾಡದು. ಕಣ್ಣು ಮಾತ್ರ ಬೆಳಕಿಗೆ ಮಿಂಚುತ್ತದೆ.

ಹೀಗೆ ಕೂತ ಕೋಳಿಯನ್ನು ನಾನು ಎಷ್ಟು ಹೊತ್ತು ನೋಡಿದರೂ ಬೇಸರವಾಗುವುದಿಲ್ಲ. ಕೆಲವು ದಿನದ ಹಿಂದೆ ಓಣಿಯಲ್ಲಿ ಕೂಗುತ್ತ, ಕೆದರುತ್ತ, ಜಗಳಾಡುತ್ತ ತಿರುಗುತ್ತಿದ್ದ ಜೀವ, ಕಾವು ಬಂದ ಮೇಲೆ ಬೇರೆಯೇ ಆಗಿಬಿಡುತ್ತದೆ. ದನಿ ಇಳಿದು ಕುಟುಕುಟು ಎನ್ನುವ ತಗ್ಗಿದ ಸದ್ದಾಗುತ್ತದೆ. ಕೈ ಹತ್ತಿರ ತಂದರೆ ಗರಿ ನಿಗುರಿಸಿ ಉಬ್ಬುತ್ತದೆ. ಎದೆಯಡಿಯ ಗರಿ ಉದುರಿ ಬರಿಯ ಚರ್ಮ ತತ್ತಿಗೆ ನೇರವಾಗಿ ತಾಗುತ್ತದೆ, ಅಲ್ಲಿ ರಕ್ತ ಹೆಚ್ಚಾಗಿ ಹರಿದು ಆ ಜಾಗ ಬಿಸಿಯಾಗುತ್ತದೆ. ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅದರ ಕೆಳಗಿನ ತತ್ತಿಗೆ ಬೇಕಾದುದು 37.5ರಿಂದ 38. ಈ ಅಳತೆಯನ್ನು ಯಂತ್ರದಲ್ಲಿ ಕಾಯ್ದುಕೊಳ್ಳಲು ಜನ ಎಷ್ಟು ಒದ್ದಾಡುತ್ತಾರೆ ಎಂದು ಬಲ್ಲವರಿಗೆ, ಈ ಹೇಂಟೆ ಕೂತಲ್ಲೇ ಕೊಂಚ ಮೈ ಎತ್ತಿ, ಕೊಂಚ ಇಳಿಸಿ ಅದನ್ನು ನಿಭಾಯಿಸುವ ಪರಿ ಕಂಡು ಕೈ ಮುಗಿಯಬೇಕೆನಿಸುತ್ತದೆ. ಆಗಾಗ ಕೊಕ್ಕಿನಿಂದ ತತ್ತಿಗಳನ್ನು ಮೆಲ್ಲಗೆ ತನ್ನ ಕಡೆಗೆ ಎಳೆದು ಹೊರಳಿಸುತ್ತದೆ. ಅಂಚಿನದು ನಡುವಿಗೆ, ನಡುವಿನದು ಅಂಚಿಗೆ. ಹೊರಳಿಸದಿದ್ದರೆ ಒಳಗಿನ ಎಳೆಯ ಪಿಂಡ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಇದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ದಿನಕ್ಕೊಮ್ಮೆ ಮಾತ್ರ ಅದು ಏಳುತ್ತದೆ. ಈಗ ಎದ್ದಿತು ನೋಡಿ. ಕಾಲು ಸೆಡೆತು ಹೋಗಿರುವುದರಿಂದ ಒಂದು ಗಳಿಗೆ ತಡವರಿಸಿ ನಿಂತು, ಬುಟ್ಟಿಯ ಅಂಚು ದಾಟಿ, ಹೊಸ್ತಿಲಿನ ಹತ್ತಿರ ಇಟ್ಟ ಜೋಳದ ನುಚ್ಚಿಗೆ ಬಾಯಿ ಹಾಕಿತು. ಅವಸರವೆಂದರೆ ಅವಸರ. ನುಚ್ಚು, ನೀರು, ಹಿತ್ತಲ ಬೂದಿಗುಂಡಿಯಲ್ಲಿ ಒಂದು ಹೊರಳಾಟ, ಬಾಗಿಲಾಚೆ ಒಂದು ದೊಡ್ಡ ಹಿಕ್ಕೆ, ಅಷ್ಟಕ್ಕೇ ಮತ್ತೆ ಓಡಿ ಬರುತ್ತದೆ. ಇಡೀ ಕಾವಿನ ಕಾಲದಲ್ಲಿ ಅದು ಉಣ್ಣುವುದು ಬಹಳ ಕಡಿಮೆ, ಕೊನೆಗೆ ಎದ್ದಾಗ ಕೈಗೆತ್ತಿಕೊಂಡರೆ ಹಗುರವಾಗಿರುತ್ತದೆ. ಅದು ಹೊರಗಿರುವ ಈ ಹತ್ತು ಹದಿನೈದು ನಿಮಿಷವೇ ಮನೆಯಾಕೆಗೆ ಸಿಗುವ ಸಮಯ.

ಅವಳು ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮೊದಲ ತತ್ತಿ ಎತ್ತಿಕೊಳ್ಳುತ್ತಾಳೆ. ಜವಾರಿ ತತ್ತಿ ಸಣ್ಣದು, ನಲವತ್ತು ಗ್ರಾಂ ತೂಗಿದರೆ ಹೆಚ್ಚು, ತೆಳು ಕೆನೆಬಣ್ಣ. ಚಿಪ್ಪಿನ ಮೇಲೆ ಇದ್ದಲಿನಿಂದ ಒಂದು ಗೀಟು ಎಳೆದಿದ್ದಾಳೆ, ಆಮೇಲೆ ಬೇರೆ ಕೋಳಿ ಬಂದು ಬುಟ್ಟಿಯಲ್ಲಿ ಹೊಸ ತತ್ತಿ ಹಾಕಿದರೆ ಗುರುತು ಸಿಗಲೆಂದು. ಎಡಗೈಯನ್ನು ಮುಷ್ಟಿ ಮಾಡಿ, ಅದರ ತೂತಿನೊಳಗೆ ತತ್ತಿಯ ಮೊಂಡು ತುದಿ ಮೇಲೆ ಬರುವಂತೆ ಕೂರಿಸಿ, ಬಿಸಿಲಿನ ಕಂಬದೊಳಕ್ಕೆ ಕೈ ಚಾಚುತ್ತಾಳೆ. ನೀವೂ ಬಗ್ಗಿ, ಅವಳ ಮುಷ್ಟಿಯ ಕೆಳಗಿನಿಂದ ನೋಡಿ. ತತ್ತಿ ಒಮ್ಮೆಗೇ ಒಳಗಿನಿಂದ ಹೊತ್ತಿಕೊಳ್ಳುತ್ತದೆ. ಕಿತ್ತಳೆಗೆಂಪು ಬೆಳಕು. ಮೊಂಡು ತುದಿಯಲ್ಲಿ ಗಾಳಿಯ ಕೋಣೆಯ ತಿಳಿ ವೃತ್ತ. ಅದರ ಕೆಳಗೆ ಒಂದು ಕಪ್ಪು ಚುಕ್ಕೆ, ಆ ಚುಕ್ಕೆಯಿಂದ ಸುತ್ತಲೂ ಕವಲೊಡೆದು ಹೊರಟ ಕೆಂಪು ನಾಳಗಳು, ಬೇಸಿಗೆಗೆ ಎರೆಹೊಲ ಬಿರಿದು ಬಿರುಕಿನಿಂದ ಬಿರುಕು ಕವಲೊಡೆದ ಹಾಗೆ. ಇನ್ನೂ ಕೊಂಚ ಹೊತ್ತು ಉಸಿರು ಹಿಡಿದು ನೋಡಿದರೆ ಆ ಚುಕ್ಕೆ ಮಿಸುಕುತ್ತದೆ.

“ಇದರಾಗ ಜೀವ ಅದ,” ಎಂದು ಅವಳು ಅದನ್ನು ಬುಟ್ಟಿಗೆ ಮರಳಿ ಇಡುತ್ತಾಳೆ, ಮೊಂಡು ತುದಿ ಕೊಂಚ ಮೇಲಾಗುವಂತೆ.

ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲದರಲ್ಲೂ ನಾಳಗಳಿವೆ. ಐದನೆಯದನ್ನು ಬೆಳಕಿಗೆ ಹಿಡಿದಾಗ ಅವಳ ಹುಬ್ಬು ಗಂಟಿಕ್ಕುತ್ತದೆ. ಒಳಗೆ ಬರಿಯ ಬೆಳಕು. ಹಳದಿಯ ನೆರಳೊಂದು ಮೆಲ್ಲಗೆ ತೇಲಿ ಅತ್ತಿಂದಿತ್ತ ಸರಿಯುವುದು ಬಿಟ್ಟರೆ ಏನೂ ಇಲ್ಲ. ಇವತ್ತು ಬೆಳಿಗ್ಗೆ ಇಟ್ಟ ತತ್ತಿಗೂ ಏಳು ದಿನ ಕೋಳಿಯ ಎದೆಯಡಿ ಇದ್ದ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಹಳ ಕಡಿಮೆ. ಅದನ್ನು ಪಕ್ಕದ ಪರಾತದಲ್ಲಿ ಇಟ್ಟಳು. ಎಂಟನೆಯದರಲ್ಲಿ ಇನ್ನೊಂದು ಬಗೆ. ನಾಳಗಳಿಲ್ಲ, ಆದರೆ ತೆಳುವಾದ ಕೆಂಪು ಉಂಗುರವೊಂದು ಸುತ್ತಿಕೊಂಡಿದೆ. ಅದೂ ಪರಾತಕ್ಕೆ. ಕೊನೆಗೆ ಬುಟ್ಟಿಯಲ್ಲಿ ಉಳಿದದ್ದು ಎಂಟು, ಪರಾತದಲ್ಲಿ ಮೂರು.

ಆ ಮೂರನ್ನೂ ಊರಿನ ಬಾಯಿ ಒಂದೇ ಮಾತಿನಲ್ಲಿ ಗೊಡ್ಡು ತತ್ತಿ ಎಂದು ಬಿಡುತ್ತದೆ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಈ ಹೇಂಟೆಯ ಗುಣವೇ ಸರಿಯಿಲ್ಲ, ಇದನ್ನು ಸಂತೆಗೆ ಒಯ್ದು ಮಾರಿಬಿಡು ಎಂದು ಪಕ್ಕದ ಮನೆಯವರು ಸಲಹೆ ಕೊಡುತ್ತಾರೆ. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಪರಾತದ ಮೂರು ತತ್ತಿಗಳಲ್ಲಿ ಎರಡು ಬರಿಯವು, ಒಂದು ಸತ್ತದ್ದು. ಅವುಗಳ ಕಥೆ ಬೇರೆ ಬೇರೆ, ಮತ್ತು ಎರಡರಲ್ಲೂ ಹೇಂಟೆಯ ಪಾಲಿನ ತಪ್ಪು ಹುಡುಕಿದರೂ ಸಿಗುವುದು ಕಷ್ಟ.

ಬರಿಯ ತತ್ತಿಯದು ಹುಂಜ ಮುಟ್ಟದ ಕಥೆ. ಹೇಂಟೆಗೆ ತತ್ತಿ ಇಡಲು ಹುಂಜ ಬೇಕೇ ಬೇಕೆಂದಿಲ್ಲ. ಅಂಗಡಿಯಲ್ಲಿ ಮಾರುವ ಫಾರಂ ತತ್ತಿಗಳೆಲ್ಲ ಹುಂಜವನ್ನೇ ಕಾಣದ ಕೋಳಿಗಳವು. ಹಳದಿ ಅಂಡಾಶಯದಿಂದ ಕಳಚಿ ಬಿದ್ದ ಮೇಲೆ ಅದಕ್ಕೆ ಬಿಳಿ ಸುತ್ತಿ, ಪೊರೆ ಹೊದಿಸಿ, ಕೊನೆಗೆ ಸುಮಾರು ಇಪ್ಪತ್ತು ತಾಸು ಸುಣ್ಣ ಕಟ್ಟಿ ಚಿಪ್ಪು ಮಾಡುವುದು, ಒಟ್ಟು ಒಂದು ದಿನಕ್ಕೆ ಸ್ವಲ್ಪ ಮೇಲೆ ಹಿಡಿಯುವ ಈ ಕೆಲಸ, ಒಳಗೆ ಜೀವ ಇರಲಿ ಇಲ್ಲದಿರಲಿ ಹಾಗೆಯೇ ನಡೆಯುತ್ತದೆ. ಜೀವ ಸೇರಬೇಕಾದುದು ಚಿಪ್ಪು ಕಟ್ಟುವುದಕ್ಕೂ ಬಹಳ ಮೊದಲು, ಹಳದಿ ಕಳಚಿದ ಮೊದಲ ಹದಿನೈದು ನಿಮಿಷದ ಒಳಗೆ. ಅದಕ್ಕಾಗಿ ಹೇಂಟೆಯ ಒಡಲಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಹುಂಜ ಒಮ್ಮೆ ಕೂಡಿದರೆ ವೀರ್ಯ ಆ ಚೀಲಗಳಲ್ಲಿ ಹತ್ತು ಹನ್ನೆರಡು ದಿನ ಜೀವಂತ ಉಳಿದು, ದಿನಕ್ಕಿಷ್ಟೆಂದು ಹೊರಬಂದು ಒಂದೊಂದೇ ಹಳದಿಯನ್ನು ಕೂಡುತ್ತದೆ. ಈ ವಿಷಯ ತಿಳಿದ ದಿನದಿಂದ ನನಗೆ ಹೇಂಟೆಯ ಮೇಲಿನ ಗೌರವ ಇಮ್ಮಡಿಯಾಗಿದೆ.

ಹಾಗಾದರೆ ಬರಿಯ ತತ್ತಿ ಯಾಕೆ ಬಂತು? ಹೊರಗೆ ಹಸಿ ಮಣ್ಣಿನಲ್ಲಿ ಹೊಟ್ಟೆಯೂರಿ ಕೂತ ಆ ಕೆಂಪು ಹುಂಜವನ್ನು ಕೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಸೆಕೆಯಲ್ಲಿ ಹುಂಜದ ವೀರ್ಯವೂ ಬಡವಾಗುತ್ತದೆ, ಕೂಡುವ ಮನಸ್ಸೂ ಕುಗ್ಗುತ್ತದೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು ಎಂಬುದು ತಂಪು ಕಾಲದ ಲೆಕ್ಕ. ಓಣಿಯ ಹುಂಜಗಳಲ್ಲಿ ಕೊಬ್ಬಿದ್ದೆಲ್ಲ ಜಾತ್ರೆಗೋ ಬೀಗರ ಊಟಕ್ಕೋ ಹೋಗಿ, ಉಳಿದದ್ದು ವಯಸ್ಸಾದದ್ದೋ ಇನ್ನೂ ಎಳೆಯದೋ ಆಗಿದ್ದರೆ ಇನ್ನೂ ಕಷ್ಟ. ಹೆಚ್ಚು ಮಾಂಸ ಬಂದದ್ದನ್ನು ಮೊದಲು ಕೊಯ್ಯುವುದು ಮನೆಯ ಲೆಕ್ಕಕ್ಕೆ ಸರಿಯೇ ಇರಬಹುದು, ಬುಟ್ಟಿಯ ಲೆಕ್ಕಕ್ಕೆ ಅಲ್ಲ.

ಕೆಂಪು ಉಂಗುರದ್ದು ಇನ್ನೊಂದು ಕಥೆ. ಅದರಲ್ಲಿ ಜೀವ ಇತ್ತು. ಎರಡನೇ ದಿನ ಮುಗಿಯುವುದರೊಳಗೆ ಗುಂಡಿಗೆಯ ಬಡಿತವೂ ಶುರುವಾಗಿರಬೇಕು. ಆಮೇಲೆ ಪಿಂಡ ಸತ್ತು, ನಾಳಗಳಲ್ಲಿದ್ದ ರಕ್ತ ಅಂಚಿಗೆ ಸರಿದು ಉಂಗುರವಾಗಿ ನಿಂತಿದೆ. ಇದರ ಬೀಜ ಬಹಳ ಸಲ ಬುಟ್ಟಿಗೆ ಬರುವ ಮೊದಲೇ ಬಿದ್ದಿರುತ್ತದೆ. ಜವಾರಿ ಹೇಂಟೆ ಒಂದು ಸರದಿಗೆ ಹತ್ತು ಹದಿನೈದು ತತ್ತಿ ಇಟ್ಟು ಆಮೇಲೆ ಕಾವಿಗೆ ಕೂಡುತ್ತದೆ, ಹೀಗೆ ವರ್ಷಕ್ಕೆ ಐವತ್ತು ಅರವತ್ತು ತತ್ತಿ. ಒಂದೊಂದೇ ಕೂಡಿಸಿಕೊಂಡು ಬರುವಾಗ ಮೊದಲ ತತ್ತಿ ಎರಡು ವಾರ ಕಾಯಬೇಕಾಗುತ್ತದೆ. ಮೇ ತಿಂಗಳ ಮನೆಯೊಳಗೂ 35 ಡಿಗ್ರಿ ಇದ್ದರೆ, ಕೋಳಿ ಮುಟ್ಟದಿದ್ದರೂ ತತ್ತಿಯೊಳಗಿನ ಪಿಂಡ ಎಚ್ಚರಗೊಂಡು ಅರೆಬರೆ ಬೆಳೆಯತೊಡಗುತ್ತದೆ. ರಾತ್ರಿ ತಂಪಾದಾಗ ನಿಲ್ಲುತ್ತದೆ, ಹಗಲಿಗೆ ಮತ್ತೆ ಏಳುತ್ತದೆ. ಹೀಗೆ ಎದ್ದು ಮಲಗಿ ಸೋತ ಪಿಂಡವನ್ನು ಕಾವಿಗೆ ಇಟ್ಟರೆ ಮೂರು ನಾಲ್ಕು ದಿನಕ್ಕೆ ಕೈಬಿಡುತ್ತದೆ. ತತ್ತಿಯನ್ನು ಮನೆಯ ತಂಪು ಮೂಲೆಯಲ್ಲಿ ಇಡಬೇಕು, ವಾರಕ್ಕಿಂತ ಹಳೆಯದನ್ನು ಬುಟ್ಟಿಗೆ ಹಾಕದೆ ಅಡುಗೆಗೆ ಬಳಸಬೇಕು. ಇದನ್ನು ಅರಿತೇ ಈ ಮನೆಯಾಕೆ ಹಸಿ ಉಸುಕು ತುಂಬಿದ ಮಣ್ಣಿನ ಪರಾತವನ್ನು ಒಲೆಯಿಂದ ದೂರ, ನೀರಿನ ಹರವಿಯ ಪಕ್ಕ ಇಟ್ಟಿದ್ದಾಳೆ. ಅದರೊಳಗೆ ಕೈಯಿಟ್ಟು ನೋಡಿ, ತಣ್ಣಗಿದೆ. ನೀರು ಆರುತ್ತ ಆರುತ್ತ ಉಸುಕಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕರೆಂಟು ಬೇಡ, ಖರ್ಚಿಲ್ಲ.

ಬರಿಯದು ನಿಜಕ್ಕೂ ಬರಿಯದೇ ಎಂದು ಖಾತ್ರಿಯಾಗಬೇಕಾದರೆ ಒಡೆದೇ ನೋಡಬೇಕು. ಐದನೆಯ ತತ್ತಿಯನ್ನು ಅವಳು ತಾಟಿನ ಅಂಚಿಗೆ ತಟ್ಟಿ ಒಡೆದಳು. ವಾಸನೆಯಿಲ್ಲ. ಹಳದಿ ಕೊಂಚ ಚಪ್ಪಟೆಯಾಗಿದೆ ಅಷ್ಟೆ. ಹಳದಿಯ ನೆತ್ತಿಯ ಮೇಲೆ ಸಣ್ಣದೊಂದು ಬಿಳಿ ಚುಕ್ಕೆ, ಅಂಚು ಸೊಟ್ಟಪಟ್ಟ, ಒತ್ತಾದ ಬಿಳುಪು. ಹುಂಜ ಮುಟ್ಟಿದ ತತ್ತಿಯಾಗಿದ್ದರೆ ಕಾವಿಗೆ ಇಡುವ ಮೊದಲೇ ಆ ಚುಕ್ಕೆ ಇದಕ್ಕಿಂತ ಅಗಲವಾಗಿ, ದುಂಡಗೆ, ನಡುವೆ ತಿಳಿಯಾಗಿ, ಸುತ್ತ ಬಳೆ ಇಟ್ಟ ರೂಪದಲ್ಲಿ ಇರುತ್ತದೆ. ಅಡುಗೆಮನೆಯಲ್ಲಿ ದಿನವೂ ತತ್ತಿ ಒಡೆಯುವ ಯಾರೇ ಆದರೂ ಈ ಚುಕ್ಕೆಯನ್ನು ಗಮನಿಸಿದರೆ ತಮ್ಮ ಹುಂಜ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಬುಟ್ಟಿ ಹೂಡುವ ಮೊದಲೇ ತಿಳಿದುಕೊಳ್ಳಬಹುದು. ಇಪ್ಪತ್ತೊಂದು ದಿನ ಕಾಯಬೇಕಿಲ್ಲ. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಕಾವಿನ ತತ್ತಿಗಳೊಳಗೆ ದಿನದಿಂದ ದಿನಕ್ಕೆ ಆಗುವುದನ್ನು ಬರೆದಿಟ್ಟ. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ರಕ್ತದ ಬಿಂದುವೊಂದು ಮಿಡಿಯುವುದನ್ನು ಅವನು ಕಂಡಿದ್ದ. ಅವನಿಗೆ ಮೊದಲೂ ಆಮೇಲೂ ಎಷ್ಟು ಹೆಂಗಸರು ಎಷ್ಟು ಕತ್ತಲೆ ಕೋಣೆಗಳಲ್ಲಿ ಇದನ್ನೇ ಕಂಡಿದ್ದರೋ, ಅವರು ಬರೆದಿಡಲಿಲ್ಲ.

ತೊಲೆಯ ಸಂದಿಯಿಂದ ಹಲ್ಲಿಯೊಂದು ಲೊಚಗುಟ್ಟಿತು. ತಲೆ ಎತ್ತಿ ನೋಡಿ, ತೊಲೆ ಗೋಡೆಗೆ ಸೇರುವಲ್ಲಿ, ಮಣ್ಣು ಉದುರಿದ ಕುಳಿಯಲ್ಲಿ ಬಟಾಣಿ ಗಾತ್ರದ ಎರಡು ಬಿಳಿ ಗುಂಡುಗಳಿವೆ. ಅವೂ ತತ್ತಿಗಳೇ. ಹಲ್ಲಿ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡು, ಇಟ್ಟ ಮೇಲೆ ತಿರುಗಿ ನೋಡುವುದಿಲ್ಲ. ಕಾವು ಕೊಡುವ ಕೆಲಸ ಮಾಳಿಗೆಯ ಮಣ್ಣಿನದು. ಹಲ್ಲಿಗಳ ದೊಡ್ಡ ಬಳಗದಲ್ಲಿ, ಮೈಮೇಲೆ ಚಿರತೆಯ ಚುಕ್ಕೆ ಹೊತ್ತ ದಪ್ಪ ಬಾಲದ ಒಂದು ಹಲ್ಲಿ ಇದೆ. ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ವಾಯವ್ಯದ ಒಣನೆಲಗಳು ಅದರ ಸೀಮೆ. ಅಮೆರಿಕ, ಯುರೋಪಿನಲ್ಲಿ ಜನ ಅದನ್ನು ಪ್ರೀತಿಯಿಂದ ಮನೆಯಲ್ಲಿ ಸಾಕಿ ಮರಿ ಮಾಡಿಸುತ್ತಾರೆ. ಅದೂ ಒಂದು ಸಲಕ್ಕೆ ಎರಡೇ ತತ್ತಿ ಇಡುತ್ತದೆ, ಚಿಪ್ಪು ಮಾತ್ರ ಮೆತ್ತನೆಯ ತೊಗಲು. ಸಾಕುವವರು ಅವನ್ನು ಹಸಿ ಪುಡಿಯ ಡಬ್ಬಿಯಲ್ಲಿ ಇಡುತ್ತಾರೆ. ಅಲ್ಲಿ ಎಲ್ಲವೂ ನಮ್ಮ ಹೇಂಟೆಗೆ ತದ್ವಿರುದ್ಧ. ಕೋಳಿಯ ತತ್ತಿಯನ್ನು ಹೊರಳಿಸದಿದ್ದರೆ ಕೇಡು, ಆ ಹಲ್ಲಿಯ ತತ್ತಿಯನ್ನು ಹೊರಳಿಸಿದರೆ ಕೇಡು. ಅದಕ್ಕೇ ಇಟ್ಟ ಕೂಡಲೇ ಮೇಲ್ಭಾಗಕ್ಕೆ ಪೆನ್ಸಿಲಿನ ಗುರುತು ಮಾಡುತ್ತಾರೆ. ಕೋಳಿಮರಿ ಹೆಣ್ಣೋ ಗಂಡೋ ಎಂಬುದು ತತ್ತಿ ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಆ ಹಲ್ಲಿಯಲ್ಲಿ ಅದನ್ನು ತೀರ್ಮಾನಿಸುವುದು ಕಾವಿನ ಬಿಸಿ, 26 ಡಿಗ್ರಿಯ ಹತ್ತಿರ ಇಟ್ಟರೆ ಹೆಚ್ಚಿನವು ಹೆಣ್ಣು, 32ರ ಮೇಲೆ ಕೊಂಚ ಏರಿದರೆ ಹೆಚ್ಚಿನವು ಗಂಡು. ಬರಿಯ ತತ್ತಿಯ ವಿಷಯದಲ್ಲಿ ಮಾತ್ರ ಎರಡೂ ಒಂದೇ. ಆ ಹೆಣ್ಣು ಹಲ್ಲಿಯೂ ಗಂಡಿನ ಜತೆಯಿಲ್ಲದೆ ತತ್ತಿ ಇಡುತ್ತದೆ. ಬರಿಯದು ಕೆಲವು ದಿನಕ್ಕೆ ಹಳದಿಗಟ್ಟಿ, ಗುಳಿ ಬಿದ್ದು, ಬೂಸಲು ಹಿಡಿಯುತ್ತದೆ. ಅನುಭವಸ್ಥರು ಅವಸರ ಮಾಡದೆ, ಬೆಳಕಿಗೆ ಹಿಡಿದು ನೋಡಿ, ಪೂರ್ತಿ ಖಾತ್ರಿಯಾದ ಮೇಲೆಯೇ ಅದನ್ನು ಎಸೆಯುತ್ತಾರೆ. ಆ ತಾಳ್ಮೆಯನ್ನೇ ನಾನು ಈ ಬೆಳಕಿಂಡಿಯ ಕೆಳಗೆ ಕೂತವಳಲ್ಲಿ ನೋಡುತ್ತಿದ್ದೇನೆ.

ಹೇಂಟೆ ಮರಳಿ ಬಂತು. ಬುಟ್ಟಿಯ ಅಂಚಿನ ಮೇಲೆ ನಿಂತು ಒಂದು ಗಳಿಗೆ ಒಳಗೆ ನೋಡಿತು. ಮೂರು ಕಡಿಮೆಯಾದದ್ದು ಅದಕ್ಕೆ ತಿಳಿಯಿತೋ ಇಲ್ಲವೋ ಹೇಳಲಾರೆ. ಎಂಟರ ಮೇಲೆ ಇಳಿದು, ಎದೆಯಿಂದ ಅವನ್ನು ಸರಿಪಡಿಸಿಕೊಂಡು, ಅತ್ತಿತ್ತ ಹೊರಳಿ, ಮತ್ತೆ ಕಲ್ಲಾಯಿತು. ಬರಿಯವನ್ನು ತೆಗೆದದ್ದರಿಂದ ಅದಕ್ಕೆ ಅನುಕೂಲವೇ ಆಯಿತು. ಹನ್ನೊಂದರಲ್ಲಿ ಅಂಚಿಗೆ ಸರಿದು ಅರೆತಣ್ಣಗಾಗುತ್ತಿದ್ದ ಜೀವದ ತತ್ತಿಗಳಿಗೆ ಈಗ ಎದೆಯಡಿ ಜಾಗ ಸಿಕ್ಕಿದೆ. ತೆಗೆಯದೆ ಬಿಟ್ಟಿದ್ದರೆ ಬರಿಯದು ಮತ್ತೂ ಎರಡು ವಾರ ಆ ಬಿಸಿಯಲ್ಲಿ ಕೊಳೆತು, ಒಳಗೆ ಗಾಳಿ ತುಂಬಿ, ಒಂದು ದಿನ ಟಪ್ಪೆಂದು ಒಡೆಯುತ್ತದೆ. ಆ ನಾತ ಒಮ್ಮೆ ಮೂಗಿಗೆ ಬಡಿದವರು ಮರೆಯುವುದಿಲ್ಲ. ನಾತ ಹೋಗಲಿ, ಅದರ ರಸ ಮೆತ್ತಿದ ಒಳ್ಳೆಯ ತತ್ತಿಗಳ ಚಿಪ್ಪಿನ ಸೂಕ್ಷ್ಮ ರಂಧ್ರಗಳೊಳಗೆ ರೋಗಾಣು ಹೊಕ್ಕು ಇಡೀ ಬುಟ್ಟಿಯೇ ಹಾಳಾಗುವುದು ದೊಡ್ಡ ನಷ್ಟ.

ಪರಾತದ ಇನ್ನೊಂದು ಬರಿಯ ತತ್ತಿಯನ್ನು ಅವಳು ಎಸೆಯುವುದಿಲ್ಲ. ಚೆನ್ನಾಗಿ ಬೇಯಿಸಿ, ಚಿವುಟಿ ಪುಡಿ ಮಾಡಿ, ಹಿತ್ತಲಲ್ಲಿ ತಾಯಿಯ ಜತೆ ತಿರುಗುತ್ತಿರುವ ಹಿಂದಿನ ಬುಟ್ಟಿಯ ಮರಿಗಳಿಗೆ ನುಚ್ಚಿನ ಜತೆ ಕಲಸಿ ಹಾಕುತ್ತಾಳೆ. ಉಂಗುರದ್ದನ್ನು ಮಾತ್ರ ತಿಪ್ಪೆಯಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚುತ್ತಾಳೆ, ನಾಯಿಗೆ ರುಚಿ ಹತ್ತಬಾರದೆಂದು. ತತ್ತಿಯ ರುಚಿ ಕಂಡ ನಾಯಿ ಬುಟ್ಟಿ ಹುಡುಕಿಕೊಂಡು ಬರುತ್ತದೆ.

“ಈಗ ಎಲ್ಲಾರೂ ಗಿರಿರಾಜ ತರ್ತಾರ್ರೀ. ಅದು ತತ್ತಿ ಭಾಳ ಕೊಡತದ, ಆದ್ರ ಕೂಡಂಗಿಲ್ಲ,” ಎಂದಳು ಕೈ ತೊಳೆಯುತ್ತ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ, ಹಳ್ಳಿಯ ಹಿತ್ತಲಿಗೆಂದೇ ತಳಿ ಕಟ್ಟಿ ಬಿಟ್ಟ ಕೋಳಿ. ಆಮೇಲೆ ಸ್ವರ್ಣಧಾರಾ ತಳಿಯೂ ಬಂತು. ಜವಾರಿಯ ಎರಡು ಪಟ್ಟಿಗೂ ಹೆಚ್ಚು ತತ್ತಿ, ಬೇಗ ತೂಕ. ಆದರೆ ತಳಿ ಕಟ್ಟುವಾಗ ಕಾವಿಗೆ ಕೂಡುವ ಗುಣ ಹಿಂದೆ ಉಳಿಯಿತು. ಕಾವಿಗೆ ಕೂತಷ್ಟು ದಿನ ತತ್ತಿ ನಿಲ್ಲುತ್ತದಲ್ಲ, ತತ್ತಿಯ ಲೆಕ್ಕ ಏರಿಸಲು ಹೊರಟವರಿಗೆ ಅದು ಬೇಡದ ಗುಣ. ಹಾಗಾಗಿ ಅವುಗಳ ಮರಿ ಬೇಕಾದರೆ ಕಾವಿನ ಯಂತ್ರ ಬೇಕು, ಇಲ್ಲವೇ ಇಂಥದೊಂದು ಬೂದು ಚುಕ್ಕೆಯ ಹೇಂಟೆಯ ಎದೆ ಬೇಕು. ಊರಿನ ಹುಡುಗರು ಥರ್ಮಾಕೋಲ್ ಡಬ್ಬಿಗೆ ಬಲ್ಬು, ಸಣ್ಣ ಫ್ಯಾನು, ನೀರಿನ ಬಟ್ಟಲು ಜೋಡಿಸಿ ಯಂತ್ರ ಮಾಡಿಕೊಂಡಿದ್ದಾರೆ. ಅವರ ಉಮೇದು ನನಗೆ ಇಷ್ಟ. ಬೇಸಿಗೆಯ ಗಾಳಿ ಮಳೆಗೆ ಕಂಬ ಬಿದ್ದು ಕರೆಂಟು ಹೋದ ರಾತ್ರಿ ಅವರು ಡಬ್ಬಿಯ ಸುತ್ತ ಬಿಸಿನೀರಿನ ಬಾಟಲಿ ಇಟ್ಟು ಕಂಬಳಿ ಹೊದಿಸಿ ಒದ್ದಾಡುತ್ತಾರೆ. ಅದೇ ರಾತ್ರಿ ಹೇಂಟೆ ಇನ್ನಷ್ಟು ಒತ್ತಾಗಿ ಕೂಡುತ್ತದೆ.

ಹದಿನೆಂಟನೇ ದಿನದಿಂದ ತತ್ತಿಗಳನ್ನು ಯಾರೂ ಮುಟ್ಟಬಾರದು, ಹೊರಳಿಸಲೂಬಾರದು. ಹೇಂಟೆಯೂ ಆಗ ಏಳುವುದನ್ನು ಕಡಿಮೆ ಮಾಡುತ್ತದೆ. ಅದಕ್ಕೂ ಮೊದಲೇ ಒಂದು ಪರೀಕ್ಷೆ ಮಾಡುವವರಿದ್ದಾರೆ. ಅಗಲ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ನೀರು ಪೂರ್ತಿ ನಿಶ್ಚಲವಾದ ಮೇಲೆ ತತ್ತಿಯನ್ನು ಮೆಲ್ಲಗೆ ಬಿಡುತ್ತಾರೆ. ಜೀವದ ತತ್ತಿ ತೇಲುತ್ತ ತೇಲುತ್ತ ತಟ್ಟನೆ ಅಲುಗುತ್ತದೆ, ಸುತ್ತ ನೀರಿನಲ್ಲಿ ಉಂಗುರಗಳು ಏಳುತ್ತವೆ. ಮಕ್ಕಳಿಗೆ ಅದನ್ನು ನೋಡುವುದೇ ಹಬ್ಬ. ಆದರೆ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ನೀರು ಒಳಹೊಕ್ಕು ಮರಿ ಮುಳುಗುತ್ತದೆ, ಹಾಗಾಗಿ ನಾನು ಬೆಳಕಿನ ಪರೀಕ್ಷೆಯನ್ನೇ ನಂಬುವವನು. ಈ ಹಂತದಲ್ಲಿ ಬೆಳಕಿಗೆ ಹಿಡಿದರೆ ಗಾಳಿಯ ಕೋಣೆ ಬಿಟ್ಟು ಉಳಿದದ್ದೆಲ್ಲ ಕಪ್ಪು. ಒಳಗೆ ಮರಿ ತುಂಬಿದೆ.

ಇಪ್ಪತ್ತನೇ ದಿನ ಕಿವಿ ಹಚ್ಚಿದರೆ ಸದ್ದು ಕೇಳುತ್ತದೆ. ಮರಿ ಒಳಪೊರೆ ಹರಿದು ಗಾಳಿಯ ಕೋಣೆಗೆ ಕೊಕ್ಕು ತೂರಿಸಿ ಮೊದಲ ಉಸಿರು ಎಳೆದಿದೆ, ಚಿಪ್ಪಿನೊಳಗಿನಿಂದಲೇ ಚಿಂವ್ ಎನ್ನುತ್ತದೆ. ಹೇಂಟೆ ಅದಕ್ಕೆ ತಗ್ಗಿದ ದನಿಯಲ್ಲಿ ಮರುದನಿ ಕೊಡುತ್ತದೆ. ಕೊಕ್ಕಿನ ತುದಿಯಲ್ಲಿರುವ ಬಿಳಿ ಮೊನೆಯಿಂದ ಮರಿ ಚಿಪ್ಪನ್ನು ಒಳಗಿನಿಂದ ಕುಟ್ಟಿ, ದಣಿದು, ತಾಸುಗಟ್ಟಲೆ ಮಲಗಿ, ಮತ್ತೆ ಕುಟ್ಟುತ್ತದೆ. ನೋಡುವವರಿಗೆ ತಡೆಯಲಾಗದು, ಉಗುರಿನಿಂದ ಚಿಪ್ಪು ಬಿಡಿಸಿ ಹೊರಗೆ ತೆಗೆಯೋಣ ಎನಿಸುತ್ತದೆ. ತೆಗೆಯಬಾರದು. ಆ ಹೊತ್ತಿನಲ್ಲಿ ಅದರ ಹೊಟ್ಟೆ ಉಳಿದ ಹಳದಿಯನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಇರುತ್ತದೆ. ಅವಸರಪಟ್ಟರೆ ರಕ್ತ ಸೋರಿ ಮರಿ ಸಾಯುತ್ತದೆ. ಒಳಗೆ ಎಳೆದುಕೊಂಡ ಆ ಹಳದಿಯ ಬಲದಿಂದಲೇ ಹುಟ್ಟಿದ ಮರಿ ಒಂದೆರಡು ದಿನ ಏನೂ ಉಣ್ಣದೆ ಇರಬಲ್ಲದು. ಮೊದಲು ಹುಟ್ಟಿದ್ದು ಕೊನೆಯದು ಹುಟ್ಟುವವರೆಗೆ ತಾಯಿಯ ಅಡಿಯಲ್ಲೇ ಕಾಯುತ್ತದೆ.

ಎಂಟರಲ್ಲಿ ಏಳು ಬಂದರೆ ಈ ಮನೆಯಲ್ಲಿ ಅದು ಒಳ್ಳೆಯ ಬುಟ್ಟಿ. ಬಂದವನ್ನು ಹದ್ದು, ಬೆಕ್ಕು, ಮುಂಗುಸಿಯಿಂದ ಕಾಯ್ದು, ಸಂತೆಗೆ ಒಯ್ಯುವಷ್ಟು ದೊಡ್ಡದು ಮಾಡುವುದು ಮುಂದಿನ ಕೆಲಸ. ಹೇಂಟೆ ಮರಿಗಳನ್ನು ಒಂದೆರಡು ತಿಂಗಳು ಕಟ್ಟಿಕೊಂಡು ತಿರುಗಿ, ಆಮೇಲೆ ಕೊಕ್ಕಿನಿಂದ ಕುಟ್ಟಿ ದೂರ ಅಟ್ಟಿ, ಮತ್ತೆ ತತ್ತಿಗೆ ಬರುತ್ತದೆ. ಅಷ್ಟರಲ್ಲಿ ಮೃಗಶಿರ ಮಳೆ ಕಳೆದು ಹೊಲಗಳಲ್ಲಿ ತೊಗರಿ ಎದ್ದಿರುತ್ತದೆ, ಮನೆಯೊಳಗಿನ ಸೆಕೆ ಇಳಿದಿರುತ್ತದೆ.

ಅದಕ್ಕೂ ಮೊದಲು ಹುಂಜದ ವಿಷಯ ಮುಗಿಯಬೇಕು. ಹೊರಗೆ ಕೂತ ಆ ಕೆಂಪು ಹುಂಜ ಇದೇ ಹೇಂಟೆಯ ಮರಿ, ಹೋದ ವರ್ಷದ್ದು. ತಾಯಿ ಮಗ ಕೂಡಿದರೆ ಚಿಪ್ಪಿನೊಳಗೇ ಸಾಯುವವು ಹೆಚ್ಚು, ಹುಟ್ಟಿದವೂ ಬಡಕಲು. ಇದನ್ನು ಮನೆಯಾಕೆ ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ತವರಿನಲ್ಲಿ ಅವ್ವ ಹೇಳಿದ್ದು. ಮುದ್ದೇಬಿಹಾಳದ ಕಡೆ ಅವಳ ತಂಗಿಯ ಮನೆ. ಅಲ್ಲೊಂದು ಕರಿಯ ಹುಂಜ ಇದೆಯಂತೆ, ಎತ್ತರದ ಕಾಲು, ಬೆಳಗಿನ ಜಾವ ನಾಲ್ಕಕ್ಕೇ ಕೂಗುತ್ತದಂತೆ. ಫೋನಿನಲ್ಲಿ ಮಾತು ಮುಗಿದಿದೆ. ಬರುವ ಸೋಮವಾರ ಕೆಂಪನೆಯದು ಚೀಲದಿಂದ ತಲೆ ಹೊರಗಿಟ್ಟುಕೊಂಡು ಬಸ್ಸು ಹತ್ತುತ್ತದೆ, ಸಂಜೆಯ ಬಸ್ಸಿಗೆ ಕರಿಯದು ಬರುತ್ತದೆ.